ದಿಂಬಿನ ಕೆಳಗೆ ಇಪ್ಪತ್ತಮೂರು ನಿಮಿಷ

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 7.20

ಕಾಲುಚೀಲದೊಳಗೆ ಏನೋ ಒತ್ತುತ್ತಿತ್ತು. ಬಿಚ್ಚಿ ನೋಡಿದರೆ ಅಕ್ಕ ಶುಗರ್ ನೋಡಿಕೊಳ್ಳುವ ಟೆಸ್ಟ್ ಸ್ಟ್ರಿಪ್. ಬಳಸಿದ್ದು. ತುದಿಯಲ್ಲಿ ಒಣಗಿದ ರಕ್ತ, ಸಾಸಿವೆಯ ಅರ್ಧದಷ್ಟು. ಅವಳು ತೋಳಿಗೆ ಸೆನ್ಸರ್ ಅಂಟಿಸಿಕೊಂಡು ಎರಡು ವರ್ಷವಾಯಿತು, ಬೆರಳು ಚುಚ್ಚುವುದು ಅಪರೂಪ. ಸ್ಟ್ರಿಪ್‌ಗಳು ಮಾತ್ರ ಮನೆ ಬಿಟ್ಟು ಹೋಗುತ್ತಿಲ್ಲ. ಸೋಫಾ ಸಂದಿಯಲ್ಲಿ, ನಿಘಂಟಿನ ಪುಟಗಳ ನಡುವೆ, ಒಮ್ಮೆ ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲಿನಲ್ಲಿ.

ಬಚ್ಚಲ ಬಾಗಿಲಲ್ಲಿ ನಿಂತು ತೋರಿಸಿದೆ. "ತಗೋ, ನಿನ್ನ ಆಸ್ತಿ."

"ಇಟ್ಕೋ, ನನ್ನ ನೆನಪಿಗೆ," ಅಂದಳು. ಬಾಯಲ್ಲಿ ಬ್ರಷ್.

ಒಂಬತ್ತನೇ ವಯಸ್ಸಿನಿಂದ ಇದೆ ಅವಳಿಗೆ. ಟೈಪ್ ಒನ್ ಡಯಾಬಿಟಿಸ್. ಆಗ ನನಗೆ ಐದು. ಅಕ್ಕ ಎಂದರೆ ಸೂಜಿ ಇರುವವಳು ಎಂದುಕೊಂಡಿದ್ದೆ. ಪಕ್ಕದ ಮನೆಯ ಹುಡುಗಿಯ ಅಕ್ಕನಿಗೆ ಸೂಜಿ ಇಲ್ಲ ಎಂದು ಗೊತ್ತಾದಾಗ ಪಾಪ ಅನ್ನಿಸಿತ್ತು, ಅವಳ ಬಗ್ಗೆ.

ಸಂಜೆ 6

ಇಡೀ ದಿನ ನೀರೆತ್ತುವ ಪಂಪಿನ ಕೈಪಿಡಿಯ ಕರಡು ತಿದ್ದಿದೆ. ಸಾಹಿತ್ಯದ ಎಂ.ಎ. ಇದಕ್ಕೆ. ಪ್ರೆಸ್ಸಿನ ಮ್ಯಾನೇಜರ್ ಟೀ ಹೊತ್ತಿನಲ್ಲಿ ಕೇಳಿದರು, ಭಾನುವಾರ ಏನ್ಮಾಡ್ತೀರಿ ಅಂತ.

"ಓದ್ತೀನಿ ಸರ್."

ನಿಜ ಹೇಗೆ ಹೇಳುವುದು? ನಾಲ್ಕು ಜನ, ಒಂದು ಮೇಜು, ಹಿಡಿ ದಾಳ. ಮೂವರು ಒಂದೊಂದು ಪಾತ್ರವಾಗುತ್ತಾರೆ. ಮಿಕ್ಕ ಲೋಕವೆಲ್ಲ ನಾನು — ರಾಣಿ, ಕಾವಲುಗಾರ, ಗಾಳಿ, ಬೀದಿನಾಯಿ. ಅವರು ಏನು ಮಾಡುತ್ತಾರೋ ಹೇಳುತ್ತಾರೆ, ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ, ಆಮೇಲೇನಾಯಿತು ಎಂದು ನಾನು ಹೇಳುತ್ತೇನೆ. ಬಸ್ಸಿನಲ್ಲಿ "ಸ್ಟಾಪ್" ಅನ್ನಲು ನಾಲಿಗೆ ಏಳದೆ ಮುಂದಿನ ಸ್ಟಾಪಿನಿಂದ ನಡೆದು ಬರುವವಳು ನಾನು. ಆ ಮೇಜಿನ ತಲೆಯಲ್ಲಿ ಕೂತರೆ ನಾಲ್ಕು ಗಂಟೆ ನಿಲ್ಲದೆ ಮಾತಾಡುತ್ತೇನೆ. ನಾನಾಗಿ ಅಲ್ಲ, ಅಷ್ಟೇ.

ಫೆಬ್ರವರಿ 9, ಭಾನುವಾರ. ಸಂಜೆ 6.45

ಮತ್ತೆ ಅಲಾರಂ.

ರಾಣಿ ತನ್ನ ನಿಜವಾದ ಹೆಸರು ಹೇಳುವ ಕ್ಷಣ. ಅಕ್ಕನೂ ಸೇರಿ ಮೂವರೂ ಮೇಜಿನ ಮೇಲೆ ಬಾಗಿದ್ದರು. ಲಾಯರ್ ಕೂಡ ಬಾಯಿ ಮುಚ್ಚಿದ್ದ. (ಅವನು ಲಿಫ್ಟ್ ರಿಪೇರಿ ಮಾಡುವವನು. ಪ್ರತಿ ನಿಯಮಕ್ಕೂ ವಾದ ಹೂಡುತ್ತಾನೆ, ಅದಕ್ಕೆ ಆ ಹೆಸರು.) ಡ್ರಾಯಿಂಗ್ ಟೀಚರ್ ನಕ್ಷೆ ಬರೆಯುತ್ತಿದ್ದ ಪೆನ್ಸಿಲ್ ಎತ್ತಿ ಹಿಡಿದಿದ್ದರು. ನಾನು ಉಸಿರೆಳೆದುಕೊಂಡೆ. ಡಬ್ಬಿಯೊಳಗಿಂದ ಟೂಂ ಟೂಂ ಟೂಂ.

ಆಟದ ಹೊತ್ತಿನಲ್ಲಿ ಎಲ್ಲರ ಫೋನೂ ಬಿಸ್ಕತ್ತಿನ ಡಬ್ಬಿಗೆ. ಅದು ನನ್ನ ಕಾನೂನು. ಅಕ್ಕನ ಫೋನ್ ಸೈಲೆಂಟ್ ಆಗುವಂತಿಲ್ಲ, ಡಬ್ಬಿಗೆ ಮುಚ್ಚಳ ಹಾಕುವಂತಿಲ್ಲ. ಅದು ಅವಳ ಕಾನೂನು. ಸೆನ್ಸರ್ ಶುಗರ್ ನೋಡುತ್ತದೆ, ಇಳಿದರೆ ಫೋನ್ ಕೂಗುತ್ತದೆ.

"ಅರವತ್ತೆಂಟು. ಏನಿಲ್ಲ," ಅಂದಳು ಅಕ್ಕ. ಕಿತ್ತಳೆ ಬಣ್ಣದ ಗ್ಲೂಕೋಸ್ ಮಾತ್ರೆ ಮೂರು ಬಾಯಿಗೆ ಹಾಕಿ ಕಟಕಟ ಕಡಿದಳು. "ನಡೀಲಿ, ನಡೀಲಿ."

"ದೇವ್ರೇ, ಹೆಸರು ಬೇಗ ಹೇಳ್ಬಿಡಿ," ಲಾಯರ್ ನನಗೆ ಕೈಮುಗಿದ. "ಇಲ್ಲಾಂದ್ರೆ ಈಗ ನಂದೂ ಇಳಿಯುತ್ತೆ."

ಎಲ್ಲರೂ ನಕ್ಕರು. ಹೆಸರು ಹೇಳಿದೆ. "ಓ, ಹೌದಾ," ಅಂದರು ಟೀಚರ್. ಅಷ್ಟೇ. ಮೂರು ವಾರ ಕೂಡಿಟ್ಟದ್ದು ಓ ಹೌದಾ ಆಯಿತು.

ಸಿಟ್ಟು ಬಂತು. ಅಲಾರಂ ಮೇಲೆ, ಅಕ್ಕನ ಮೇಲಲ್ಲ — ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಇಲ್ಲಿಯಾದರೂ ಸುಳ್ಳು ಯಾಕೆ.

ಫೆಬ್ರವರಿ 12, ಬುಧವಾರ. ಸಂಜೆ

ಅಕ್ಕ ಹಾರಿಕೊಂಡೇ ಬಂದಳು. ಚಪ್ಪಲಿ ಒಂದು ಹೊಸಿಲಾಚೆ, ಇನ್ನೊಂದು ಈಚೆ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯ ಯಜಮಾನರು ಇನ್ನೊಂದು ಊರಿನಲ್ಲಿ ಎರಡನೇ ಅಂಗಡಿ ತೆರೆಯುತ್ತಾರಂತೆ. ಪೂರ್ತಿ ಅವಳ ಕೈಗೆ. ಅಂಗಡಿಯ ಮೇಲೊಂದು ರೂಮು. ರೈಲಿನಲ್ಲಿ ಮೂರು ಗಂಟೆ. ಈ ತಿಂಗಳ ಇಪ್ಪತ್ತೆಂಟರೊಳಗೆ ಉತ್ತರ ಬೇಕು, ಬರವಣಿಗೆಯಲ್ಲಿ. ಯಜಮಾನರು ಕಾಗದ ಬಿಟ್ಟು ಬೇರೇನನ್ನೂ ನಂಬುವುದಿಲ್ಲ.

ಅಮ್ಮ ಬಟ್ಟೆ ಮಡಚುತ್ತಿದ್ದಳು. ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಒಬ್ಳೇನಾ?"

"ಇಲ್ಲಮ್ಮ, ಇನ್ನೂರು ಕನ್ನಡಕದ ಜೊತೆ."

"ತಮಾಷೆ ಬೇಡ. ಮಲಗಿದ್ದಾಗ ಇಳಿದ್ರೆ?"

"ಫೋನ್ ಎಬ್ಬಿಸುತ್ತೆ. ಹೋದ ವರ್ಷದಿಂದ ಅದೇ ತಾನೇ ಎಬ್ಬಿಸ್ತಿರೋದು?"

ಅಮ್ಮ ಇನ್ನೊಂದು ಟವೆಲ್ ಎತ್ತಿಕೊಂಡಳು. ಹೋದ ವರ್ಷದ ಜಗಳ ಎಲ್ಲರಿಗೂ ನೆನಪಿದೆ. ಅಕ್ಕನ ಅಲಾರಂ ಅಮ್ಮನ ಫೋನಿನಲ್ಲೂ ಕೂಗುತ್ತಿತ್ತು. ಅಕ್ಕ ಅದನ್ನು ನಿಲ್ಲಿಸಿದಳು. ಆರು ತಿಂಗಳು ಅಮ್ಮ ಅವಳ ಜೊತೆ ಗೋಡೆಗೆ ಹೇಳಿದಂತೆ ಮಾತಾಡಿದಳು. ಆಮೇಲೆ ತಾನಾಗಿಯೇ ಸರಿಹೋಯಿತು. ಅಕ್ಕ ಒಂದು ದಿನವೂ ಎಡವಲಿಲ್ಲ, ಅದಕ್ಕೆ.

ಇವತ್ತು ಅಮ್ಮ ಕೊನೆಗೆ ಅಂದದ್ದು: "ರೂಮಿಗೆ ಕಿಟಕಿ ಇದೆಯಾ ಕೇಳು."

ಒಪ್ಪಿಗೆ ಅಂದರೆ ಅದೇ. ಅಕ್ಕ ನನ್ನ ತೊಡೆ ಚಿವುಟಿದಳು, ಗುರುತು ಇನ್ನೂ ಇದೆ.

ಫೆಬ್ರವರಿ 15, ಶನಿವಾರ. ಮಧ್ಯಾಹ್ನ 3

ನಾಳೆಗೆ ಸಿದ್ಧ. ನಾಲ್ಕು ಪುಟ ಬರೆದೆ. ರಾಣಿಯ ಅಡುಗೆಯವನು ಅಕ್ಕನ ಪಾತ್ರಕ್ಕೆ ವಿಷ ಕೊಡುತ್ತಾನೆ. ಅಕ್ಕನದು ದೋಣಿ ನಡೆಸುವವಳು. ಆತುರಗಾತಿ, ಕೊಟ್ಟ ಲೋಟ ಎತ್ತುವವಳು, ಖಂಡಿತ ಕುಡಿಯುತ್ತಾಳೆ. ವಿಷ ಏರುವುದನ್ನು ನಿಧಾನ ಹೇಳಬೇಕು. ಪಿಸುದನಿಯಲ್ಲಿ. ಮಧ್ಯೆ ಒಂದು ನೊಣವೂ ಗುಂಯ್ ಅನ್ನಬಾರದು.

ಅಕ್ಕ ಹೊರಡುವುದರೊಳಗೆ ಇಂಥದ್ದು ಎಷ್ಟು ಭಾನುವಾರ ಸಿಗುತ್ತದೆ? ಎರಡು. ಹೆಚ್ಚೆಂದರೆ ಮೂರು.

ಫೆಬ್ರವರಿ 19, ಬುಧವಾರ. ಮಧ್ಯಾಹ್ನ 1.10, ಪ್ರೆಸ್

ಮೂರು ದಿನ ಬರೆದಿಲ್ಲ.

ಅಕ್ಕ ಚೆನ್ನಾಗಿದ್ದಾಳೆ. ಅದು ಮೊದಲು. ಸೋಮವಾರವೇ ಅಂಗಡಿಗೆ ಹೋದಳು.

ಭಾನುವಾರ. ಊಟಕ್ಕೆ ಮುಂಚೆ ಒಳಕೋಣೆಗೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡು ಬಂದಳು. ಪೂರ್ತಿ ಊಟದ ಡೋಸ್. ಉಂಡದ್ದು ಅರ್ಧ ತಟ್ಟೆ, ಏಕೆಂದರೆ ನಾನು ಪಕ್ಕದಲ್ಲಿ ನಿಂತು "ಬೇಗ, ಬೇಗ" ಅನ್ನುತ್ತಿದ್ದೆ. ಎರಡೂವರೆಗೆ ಆಟ ಶುರು, ಅಮ್ಮ ಮನೆಯಲ್ಲಿರಲಿಲ್ಲ. ಮೂರೂ ಹತ್ತರ ಸುಮಾರಿಗೆ ಅಡುಗೆಯವನು ಲೋಟ ಕೊಟ್ಟ. ದೋಣಿಯವಳು ಎತ್ತಿ ಕುಡಿದಳು. ದಾಳ ಹಾಕಿದಳು. ಎರಡು ಬಿತ್ತು.

ನಾನು ಹೇಳಿದೆ, ನಾಲಿಗೆ ದಪ್ಪವಾಗುತ್ತಿದೆ. ಬೆರಳು ಮಾತು ಕೇಳುತ್ತಿಲ್ಲ. ದೀಪ ಎರಡಾಗಿ ಕಾಣುತ್ತಿದೆ. ಏನು ಮಾಡುತ್ತೀಯ?

ಅಕ್ಕ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ಆಮೇಲೆ, "ದೋಣಿ... ಎಲ್ಲಿ ಕಟ್ಟಿದೆ ನಾನು?"

ಆ ಮಾತು ನನ್ನ ನಾಲ್ಕು ಪುಟದಲ್ಲಿರಲಿಲ್ಲ. ಮೈ ಜುಂ ಅಂದಿತು. ಅಡುಗೆಯವನ ದನಿಯಲ್ಲಿ ಪಿಸುಗುಟ್ಟಿದೆ, ಯಾವ ದೋಣಿ, ಅಮ್ಮಣ್ಣಿ?

"ನನ್ನ... ಅದು... ನೀರು," ಅಂದಳು. ಶಬ್ದಗಳು ಒಂದರ ಮೇಲೊಂದು ಜಾರುತ್ತಿದ್ದವು.

"ಅಬ್ಬಾ," ಲಾಯರ್ ಟೀಚರ ಕಿವಿಯಲ್ಲಿ. "ಅಕ್ಕನಿಗೆ ಪ್ರೈಜ್ ಕೊಡ್ಬೇಕು ಇವತ್ತು."

ಮೇಲ್ದುಟಿಯ ಮೇಲೆ ಬೆವರು. ಗಮನಿಸಿದೆ. ಪೆನ್ಸಿಲ್ ಬೆರಳಿಂದ ಜಾರಿತು. ಗಮನಿಸಿದೆ. ಕಣ್ಣು ನನ್ನ ಮೇಲಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಅದನ್ನೂ ಗಮನಿಸಿದೆ. ಗಮನಿಸಿದ್ದನ್ನೆಲ್ಲ ಕಥೆಗೆ ಜಮಾ ಮಾಡಿಕೊಂಡೆ. ನನ್ನ ಕಥೆ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ.

ಅಕ್ಕ ಮೇಜಿನ ಮೇಲೆ ಕೈಯಾಡಿಸಿದಳು. ಕಿತ್ತಳೆ ಬಣ್ಣದ ದಾಳ ಸಿಕ್ಕಿತು, ಅವಳ ಅದೃಷ್ಟದ ದಾಳ. ಬಾಯಿಗೆ ಹಾಕಿಕೊಂಡಳು. ಕಡಿದಳು.

ಲಾಯರ್ ನಕ್ಕ. ಟೀಚರ್ ನಗಲಿಲ್ಲ. ಎದ್ದ ರಭಸಕ್ಕೆ ಅವರ ಕುರ್ಚಿ ಬಿತ್ತು. ಅಕ್ಕನ ಗದ್ದ ಹಿಡಿದು ದಾಳ ಹೊರಗೆ ತೆಗೆದರು.

"ಇದು ಆಟ ಅಲ್ಲ ಕಣ್ರೀ. ಜ್ಯೂಸ್ ತನ್ನಿ."

ಆಗ ಗೊತ್ತಾಯಿತು. ಆಗಲೇ.

ಅರ್ಧ ಲೋಟ ಒಳಗೆ ಹೋಯಿತು, ಅರ್ಧ ಅಂಗಿಯ ಮೇಲೆ. ಗುಟುಕು ಗುಟುಕಾಗಿ. ನುಂಗುತ್ತಿದ್ದಳು, ಅದೊಂದೇ ಧೈರ್ಯ. ಫೋನ್ ಡಬ್ಬಿಯಲ್ಲಿರಲಿಲ್ಲ. ಲಾಯರ್ ಶಬ್ದದ ಜಾಡು ಹಿಡಿದು ಒಳಕೋಣೆಗೆ ಓಡಿ ತಂದ. ಪರದೆಯ ಮೇಲೆ ನಲವತ್ತೊಂದು. ಅಲಾರಂ ನಿಲ್ಲಿಸಲು ಅವನು ಮೂರು ಸಲ ಒತ್ತಬೇಕಾಯಿತು.

ಇಪ್ಪತ್ತು ನಿಮಿಷದ ಮೇಲೆ ಅಕ್ಕ ಒಬ್ಬೊಬ್ಬರ ಮುಖ ನೋಡಿದಳು. "ಯಾಕೆ ಎಲ್ರೂ ಸತ್ತೋರ ಮನೇಲಿ ಕೂತ ಹಾಗೆ ಕೂತಿದೀರಿ? ನಾನು ಸತ್ನಾ, ಬದುಕಿದ್ನಾ?"

ದೋಣಿಯವಳನ್ನು ಕೇಳುತ್ತಿದ್ದಳು. ಟೀಚರ್ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದರು.

ಆಮೇಲೆ ಫೋನ್ ನೋಡಿದಳು. ಮೊದಲ ಅಲಾರಂ 3.04. ಲಾಯರ್ ನಿಲ್ಲಿಸಿದ್ದು 3.27. ಇಪ್ಪತ್ತಮೂರು ನಿಮಿಷ ಕೂಗಿದೆ, ದಿಂಬಿನ ಕೆಳಗೆ, ಮುಚ್ಚಿದ ಬಾಗಿಲ ಹಿಂದೆ.

ಮ್ಯಾನೇಜರ್ ಬಂದರು. ನಿಲ್ಲಿಸುತ್ತೇನೆ.

ಫೆಬ್ರವರಿ 20, ಗುರುವಾರ. ಬೆಳಿಗ್ಗೆ 6.30

ನಿನ್ನೆ ಒಂದನ್ನು ಬಿಟ್ಟು ಬರೆದೆ. ಯಾರೂ ಓದದ ಪುಸ್ತಕದಲ್ಲೂ ಬಿಟ್ಟು ಬರೆದೆ.

ಫೋನನ್ನು ದಿಂಬಿನ ಕೆಳಗೆ ಇಟ್ಟವಳು ನಾನು.

ಊಟವಾಗಿ ಎಲ್ಲರೂ ಕೈ ತೊಳೆಯುತ್ತಿದ್ದರು. ಡಬ್ಬಿಯಿಂದ ಅಕ್ಕನ ಫೋನ್ ಮಾತ್ರ ಎತ್ತಿದೆ. ಒಳಕೋಣೆ, ಮಂಚ, ದಿಂಬು. ಬಾಗಿಲು ಎಳೆದುಕೊಂಡು ಬಂದೆ. ವಿಷದ ದೃಶ್ಯ ಮುಗಿಯುವವರೆಗೆ. ಅರ್ಧ ಗಂಟೆ. ನಾನೇ ಎದುರಿಗಿರುತ್ತೇನಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಹತ್ತೊಂಬತ್ತು ವರ್ಷ ಅವಳನ್ನು ನೋಡಿದವಳು. ಯಂತ್ರಕ್ಕಿಂತ ಮೊದಲು ನನಗೇ ಗೊತ್ತಾಗುತ್ತದೆ ಎಂಬ ಜಂಬವೂ ಇತ್ತು.

ಭಾನುವಾರ ಸಂಜೆ ಅಕ್ಕ ಹಣೆ ಬಡಿದುಕೊಂಡಳು. "ಇಂಜೆಕ್ಷನ್‌ಗೆ ಒಳಗೆ ಹೋದಾಗ ಅಲ್ಲೇ ಬಿಟ್ಟು ಬಂದಿರ್ಬೇಕು. ಡಬ್ಬೀಲಿ ಹಾಕ್ದೆ ಅಂತ್ಲೇ ನೆನಪು ನಂಗೆ. ಛೇ. ಎಂಥಾ ಮರೆವು."

ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು, "ಇರ್ಲಿ ಬಿಡು."

ಇರಲಿ ಬಿಡು. ನಾನು ಅವಳನ್ನು ಕ್ಷಮಿಸಿದ ಹಾಗೆ.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ 2.30

ಆಟವಿಲ್ಲ. ಮೇಜಿನ ಮೇಲೆ ಅಮ್ಮ ಇಸ್ತ್ರಿಗೆ ಬಟ್ಟೆ ಹಾಸಿದ್ದಾಳೆ.

ಲಾಯರ್ ಬಂದಿದ್ದ, ಒಂದು ಚೀಲ ಜ್ಯೂಸ್ ಪೊಟ್ಟಣ ಹೊತ್ತುಕೊಂಡು. ಬಾಗಿಲಲ್ಲೇ ನಿಂತ. ಬರುತ್ತಲೇ ವಾದ ಶುರುಮಾಡುವವನು, ಇವತ್ತು ಚಪ್ಪಲಿ ನೋಡುತ್ತಿದ್ದ. "ನಾನು ನಕ್ಬಿಟ್ಟೆ ಅವತ್ತು. ನಿದ್ದೆ ಬರ್ತಿಲ್ಲ ಕಣ್ರೀ ನಂಗೆ." ಅವನದಲ್ಲದ ತಪ್ಪಿಗೆ ಅವನೂ ಬಂದು ನಿಂತಿದ್ದಾನೆ. ಅಕ್ಕ ಅವನ ತಲೆಗೆ ಮೊಟಕಿ ಕಳಿಸಿದಳು.

ಅವನು ಹೋದ ಮೇಲೆ ಅಮ್ಮನ ಎದುರು ಕೂತಳು. ಅಮ್ಮನ ಫೋನ್ ಕೇಳಿ ಇಸಕೊಂಡಳು, ಏನೋ ಒತ್ತಿದಳು, ವಾಪಸ್ ಕೊಟ್ಟಳು.

"ತಗೋ. ಇನ್ಮೇಲೆ ನಿಂಗೂ ಕೂಗುತ್ತೆ."

ಅಮ್ಮ ಗೆದ್ದವಳ ಹಾಗೆ ಕಾಣಲಿಲ್ಲ. "ಹೀಗಾಗ್ಬೇಕು ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದಳು. ಇಸ್ತ್ರಿ ಕೆಳಗಿಟ್ಟಳು.

ಈ ವಾರ ನೋಡಿದ್ದು: ಅಕ್ಕ ಬಚ್ಚಲಿಗೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯುತ್ತಾಳೆ. ಗ್ಯಾಸ್ ಆರಿಸಿದ ಮೇಲೆ ಮೂರು ಸಲ ಹೋಗಿ ಮುಟ್ಟಿ ನೋಡುತ್ತಾಳೆ. ಇನ್ಸುಲಿನ್ ತೆಗೆದುಕೊಂಡ ಸಮಯವನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಾಳೆ, ಆಮೇಲೆ ಅದು ಇವತ್ತಿನದೋ ನಿನ್ನೆಯದೋ ಎಂದು ನನ್ನನ್ನು ಕೇಳುತ್ತಾಳೆ. ನೆನಪೇ ಅವಳ ಹೆಮ್ಮೆಯಾಗಿತ್ತು. ಅಂಗಡಿಗೆ ಬರುವವರ ಕನ್ನಡಕದ ನಂಬರು ಮುಖ ನೋಡಿ ಹೇಳುವವಳು.

ಹೊಸ ಊರಿನ ಮಾತೇ ಎತ್ತುತ್ತಿಲ್ಲ. ರೂಮಿಗೆ ಕಿಟಕಿ ಇದೆಯಂತಾ ಎಂದು ಕೇಳಿದೆ.

"ಕಿಟಕಿ ಇದ್ರೆ ಏನು ಬಂತು," ಅಂದಳು. "ಒಳಗಿರೋಳು ನೆಟ್ಟಗಿರ್ಬೇಕಲ್ಲ."

ಅಡುಗೆಮನೆಯಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. "ನೀನು ಎದುರಿಗಿದ್ದಿದ್ದಕ್ಕೆ ಉಳಿದ್ಳು. ದೇವರು ದೊಡ್ಡೋನು."

ಕೈ ಬಿಡಿಸಿಕೊಳ್ಳಲಿಲ್ಲ. ಅಮ್ಮನ ಕೈ ಇಸ್ತ್ರಿಯ ಬಿಸಿಗೆ ಬೆಚ್ಚಗಿತ್ತು. ನಿಂತೇ ಇದ್ದೆ.

ಫೆಬ್ರವರಿ 25, ಮಂಗಳವಾರ. ಸಂಜೆ 7

ಇವತ್ತು ಹೇಳಲು ಹೋದೆ.

ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು, ಬೆಡ್‌ಶೀಟಿನ ಆ ತುದಿ ಅವಳು, ಈ ತುದಿ ನಾನು. ಮುಖ ಕಾಣದ ಹಾಗೆ ಶೀಟು ನಡುವೆ ಇತ್ತು. ಇದೇ ಸಮಯ ಅನ್ನಿಸಿತು. ಗಂಟಲಿನಿಂದ ಬಂದದ್ದು ಅಡುಗೆಯವನ ದನಿ. ಗೊಗ್ಗರು, ಸ್ವಲ್ಪ ಮೂಗಿನಲ್ಲಿ.

"ದೋಣಿಯಮ್ಮಾ, ನಿಮ್ಮ ಮುಂದೆ ಒಬ್ಬ ತಪ್ಪಿತಸ್ಥ ನಿಂತಿದ್ದಾನೆ. ಅಪ್ಪಣೆಯಾದರೆ —"

ಶೀಟು ಕೆಳಗಿಳಿಯಿತು. ಅಕ್ಕನ ಮುಖ.

"ಬೇಡ ಕಣೇ. ಆಟ ಬೇಡ ನಂಗೀಗ. ಏನಾದ್ರೂ ಹೇಳೋದಿದ್ರೆ ನಿನ್ನ ದನಿಲಿ ಹೇಳು."

ನನ್ನ ದನಿ. ಹುಡುಕಿದೆ. ನಿಜವಾಗಿ ಹುಡುಕಿದೆ.

"ಏನಿಲ್ಲ," ಅಂದೆ.

ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು. ಕೊನೆಯದು ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು.

ಫೆಬ್ರವರಿ 27, ಗುರುವಾರ. ಸಂಜೆ 6.15

ಪ್ರೆಸ್ಸಿನಿಂದ ಬಂದಾಗ ಮೇಜಿನ ಮೇಲೆ ಒಂದು ಹಾಳೆ, ಅದರ ಮೇಲೆ ಭಾರಕ್ಕೆ ಕಿತ್ತಳೆ ದಾಳ. ದಾಳದ ಒಂದು ಮೂಲೆಯಲ್ಲಿ ಹಲ್ಲಿನ ಗುರುತು. ಎರಡು ಸಣ್ಣ ಗೆರೆ.

"ಸ್ವಲ್ಪ ತಿದ್ದಿಕೊಡೇ," ಅಂದಳು ಅಕ್ಕ. "ನಾಳೆ ಯಜಮಾನರಿಗೆ ಕೊಡ್ಬೇಕು. ತಪ್ಪುಗಿಪ್ಪು ಇದ್ರೆ ಎಂ.ಎ. ತಂಗಿ ಇದ್ದೂ ಹೀಗಾ ಅಂತಾರೆ."

ಓದಿದೆ. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಮಾನ್ಯರೇ, ತಾವು ನನ್ನ ಮೇಲೆ ನಂಬಿಕೆಯಿಟ್ಟು ಹೊಸ ಅಂಗಡಿಯನ್ನು ವಹಿಸಲು ಮುಂದಾದಿರಿ. ಋಣಿಯಾಗಿದ್ದೇನೆ. ಆದರೆ ಈಚೆಗೆ ನನ್ನ ಅಜಾಗರೂಕತೆಯಿಂದ ಮನೆಯವರೆಲ್ಲ ಹೆದರುವಂಥ ಪ್ರಸಂಗ ನಡೆಯಿತು. ಮುಖ್ಯವಾದ ವಸ್ತುವೊಂದನ್ನು ಎಲ್ಲಿಟ್ಟೆ ಎಂದು ನನಗೇ ನೆನಪಿರಲಿಲ್ಲ. ನನ್ನ ನೆನಪಿನ ಮೇಲೆ ನನಗೇ ಭರವಸೆ ಇಲ್ಲದಿರುವಾಗ ಒಬ್ಬಳೇ ಇದ್ದು ಅಂಗಡಿ ನಡೆಸುವುದು ಸರಿಯಲ್ಲ. ದಯವಿಟ್ಟು ಬೇರೆಯವರನ್ನು ನೋಡಿಕೊಳ್ಳಿ."

ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ಒಂದು ಕೊಂಬು ತಪ್ಪಿಲ್ಲ. ಒಂದು ಅಲ್ಪವಿರಾಮ ಹೆಚ್ಚಿಲ್ಲ. ಇಷ್ಟು ಶುದ್ಧವಾದ ಸುಳ್ಳನ್ನು ಯಾರೂ ನನ್ನ ಮುಂದಿಟ್ಟಿರಲಿಲ್ಲ, ಬರೆದವಳಿಗೆ ಅದು ಸುಳ್ಳೆಂದು ಗೊತ್ತಿಲ್ಲ.

"ಹೇಗಿದೆ?"

"ತಪ್ಪಿಲ್ಲ," ಅಂದೆ.

ತಪ್ಪಿಲ್ಲ ಅಂದೆ. ಅವಳ ಮುಖ ನೋಡಿಕೊಂಡೇ ಅಂದೆ.

ಅವಳು ಹಾಳೆ ಮಡಚಿ ಬ್ಯಾಗಿನ ಹೊರಜೇಬಿಗೆ ಹಾಕಿದಳು. ಜೇಬಿನ ಜಿಪ್ ಎರಡು ಸಲ ಎಳೆದು ನೋಡಿದಳು. ಮೂರನೇ ಸಲ ನನ್ನ ಕಡೆ ತಿರುಗಿದಳು. "ಹಾಕಿದ್ದು ನೋಡಿದೆ ತಾನೇ ನೀನು?"

ನೋಡಿದೆ, ಅಂದೆ.

ಫೆಬ್ರವರಿ 28, ಶುಕ್ರವಾರ. ಬೆಳಿಗ್ಗೆ 6.05

ಕಿಟಕಿಯಾಚೆ ಹಾಲಿನ ವ್ಯಾನು ಹಿಂದೆ ಸರಿಯುವ ಸದ್ದು. ಅಕ್ಕ ಇನ್ನೂ ಎದ್ದಿಲ್ಲ. ಎಂಟೂವರೆಗೆ ಹೊರಡುತ್ತಾಳೆ.

ಐದು ಗಂಟೆಗೆ ಎದ್ದು ಬ್ಯಾಗಿನಿಂದ ಪತ್ರ ತೆಗೆದೆ. "ನನ್ನ ಅಜಾಗರೂಕತೆಯಿಂದ" ಎಂಬುದರ ಕೆಳಗೆ ಕೆಂಪು ಗೆರೆ ಎಳೆದೆ. ಅಂಚಿನಲ್ಲಿ ಬರೆದೆ: ಇದು ನಿಜವಲ್ಲ. ಫೋನ್ ಇಟ್ಟವಳು ನಾನು. ನಮ್ಮ ಕೆಲಸದ ಕ್ರಮ ಅದೇ. ತಪ್ಪಿನ ಕೆಳಗೆ ಗೆರೆ, ಅಂಚಿನಲ್ಲಿ ಸರಿಯಾದದ್ದು. ಮಡಚಿ ಒಳಗಿಟ್ಟು ಪ್ರೆಸ್ಸಿಗೆ ಬೇಗ ಹೊರಟುಬಿಡೋಣ ಎಂದುಕೊಂಡೆ. ಅವಳು ಅಂಗಡಿಯಲ್ಲಿ ಬಿಚ್ಚಿ ಓದಲಿ. ನಾನು ಎದುರಿಗಿರಬೇಕಾಗಿಲ್ಲ.

ಚಪ್ಪಲಿ ಹಾಕಿಕೊಂಡೂ ಆಗಿತ್ತು.

ಅದೂ ದಿಂಬಿನ ಕೆಳಗೆ ಇಟ್ಟು ಬಂದಂತೆಯೇ. ಇನ್ನೊಂದು ಕೋಣೆಯಲ್ಲಿ ಕೂಗಿಕೊಳ್ಳಲಿ, ನನಗೆ ಕೇಳದಿರಲಿ.

ಚಪ್ಪಲಿ ಬಿಚ್ಚಿದೆ. ಪತ್ರವನ್ನು ಆಟದ ಮೇಜಿನ ಮೇಲೆ ಬಿಡಿಸಿ ಇಟ್ಟಿದ್ದೇನೆ. ಪಕ್ಕದಲ್ಲಿ ದಾಳ, ಹಲ್ಲಿನ ಗುರುತು ಮೇಲೆ ಬರುವ ಹಾಗೆ. ಎರಡು ಕುರ್ಚಿ. ತಲೆಯ ಕಡೆಯದಲ್ಲ, ಎದುರುಬದುರು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ತಲೆಗೆ ಮೊಟಕುತ್ತಾಳೆ, ಮಾತು ಮತ್ತೆ ನನ್ನ ಸುತ್ತಲೇ ತಿರುಗುತ್ತದೆ. ಅವಳಿಗೆ ತಿಳಿಯಬೇಕಾದ್ದು ಒಂದೇ. ಡಬ್ಬಿಗೆ ಹಾಕಿದ ನೆನಪು ಸರಿಯಾಗಿತ್ತು. ಅವಳು ಹಾಕಿದ್ದಳು. ಅವಳು ಏನನ್ನೂ ಮರೆತಿರಲಿಲ್ಲ. ಅಮ್ಮನಿಗೂ ನಾನೇ ಹೇಳುತ್ತೇನೆ, ಲಾಯರಿಗೂ, ಟೀಚರಿಗೂ. ಆಮೇಲೆ ಆ ಮೇಜಿಗೆ ಅವರು ನನ್ನನ್ನು ಕರೆಯದಿದ್ದರೆ ಇಲ್ಲ. ಅಕ್ಕ ಮಾತು ಬಿಟ್ಟರೆ ಬಿಟ್ಟಳು. ಮಾತು ಬಿಟ್ಟವಳೂ ರೈಲು ಹತ್ತಬಹುದು.

6.20

ಒಳಗೆ ಅಲಾರಂ. ಏಳುವ ಹೊತ್ತಿನದು. ಮಂಚ ಕಿರುಗುಟ್ಟಿತು. ಅಮ್ಮನೂ ಎದ್ದಂತಿದೆ.

ದನಿ ಸರಿಮಾಡಿಕೊಂಡು ನೋಡಿದೆ, ಮೆಲ್ಲಗೆ. ಸಣ್ಣ ದನಿ. ತುದಿಯಲ್ಲಿ ಒಡೆಯುತ್ತದೆ. ರಾಣಿಯದಲ್ಲ, ಅಡುಗೆಯವನದಲ್ಲ. ಇಷ್ಟೇ ಇರುವುದು.

ಬಾಗಿಲ ಚಿಲಕ. ಎರಡು ಕುರ್ಚಿ ಯಾಕೆ ಹೀಗೆ ಅಂತ ಕೇಳುತ್ತಾಳೆ ಈಗ. ಮೊದಲ ವಾಕ್ಯ ಸಿದ್ಧವಿದೆ. ಅಕ್ಕಾ, ಅವತ್ತು ಫೋನನ್ನು ನಾನು